ಏಳನೇ ವಾರ್ಡಿಗೆ ತಲುಪಿತು

ಮಾರ್ಚ್ 3, ಸೋಮವಾರ

ಇದು ಅಕ್ಕನ ಅಳತೆ ಪುಸ್ತಕ. ಮುಂದಿನಿಂದ ಅರ್ಧಕ್ಕಿಂತ ಹೆಚ್ಚು ಅವಳ ಅಕ್ಷರವೇ ತುಂಬಿದೆ: ಎದೆ, ಸೊಂಟ, ತೋಳು, ಉದ್ದ. ನಾನು ಹಿಂದಿನಿಂದ ಬರೆಯುತ್ತಿದ್ದೇನೆ. ಬೇರೆ ಪುಸ್ತಕ ಬೇಕೆಂದರೆ ಅಂಗಡಿಗೆ ಹೋಗಬೇಕು, ಅಂಗಡಿಯವನು ಏನಮ್ಮ ಇಷ್ಟು ಸೊರಗಿದ್ದೀರಿ ಅನ್ನುತ್ತಾನೆ, ಅದಕ್ಕೊಂದು ಉತ್ತರ ಕೊಡಬೇಕು. ಯಾರಿಗೆ ಬೇಕು ಆ ರಗಳೆ.

ಬರೆಯಲು ಹೇಳಿದ್ದು ನಾನು ಕಂಪ್ಯೂಟರ್ ನೋಡಿಕೊಳ್ಳುವ ಆಸ್ಪತ್ರೆಯ ದೊಡ್ಡ ಡಾಕ್ಟರು. ನಿದ್ದೆ ಬರದಿದ್ದರೆ ದಿನಕ್ಕೆ ನಾಲ್ಕು ಸಾಲು ಬರೆಯಿರಿ ಅಂದರು. ನಿದ್ದೆ ಚೆನ್ನಾಗಿಯೇ ಬರುತ್ತಿದೆ. ಎದ್ದಿರುವುದೇ ಕಷ್ಟ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಅಕ್ಕ ಹೋಗಿ ಇವತ್ತಿಗೆ ಇಪ್ಪತ್ನಾಲ್ಕು ದಿನ. ನಾನು ಅತ್ತಿಲ್ಲ. ಅಳು ಬರಬೇಕು ಎಂದು ಕಾಯುತ್ತಲೂ ಇಲ್ಲ.

ಮೇಲ್ಮನೆಯಾಕೆ ಸಂಜೆ ಬಾಗಿಲು ತಟ್ಟಿದಳು. "ಚಿಕ್ಕಮ್ಮ, ದೊಡ್ಡಮ್ಮನ ಹತ್ರ ನಮ್ಮ ಮಗೂದು ಸ್ಕೂಲ್ ಅಂಗಿ ಹೊಲಿಯೋಕೆ ಕೊಟ್ಟಿದ್ದೆ. ಹೊಲಿದಿಲ್ಲ ಅಂದ್ರೂ ಪರವಾಗಿಲ್ಲ, ಬಟ್ಟೆ ಸಿಕ್ಕಿದ್ರೆ ಸಾಕು." ನಾನು ದೀಪ ಆರಿಸಿ ಸುಮ್ಮನೆ ಕೂತಿದ್ದೆ. ಅವಳು ಹೊರಟುಹೋದಳು. ಹೊಲಿಗೆ ಯಂತ್ರದ ಪಕ್ಕ ಬಟ್ಟೆಯ ಗಂಟುಗಳು ಹದಿನಾರೋ ಹದಿನೇಳೋ ಇವೆ. ಯಾವುದರ ಮೇಲೂ ಹೆಸರಿಲ್ಲ. ಯಾರದು ಯಾವುದು ಎಂಬುದೆಲ್ಲ ಅಕ್ಕನ ತಲೆಯಲ್ಲಿತ್ತು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ನಾಲ್ಕನೇ ವಾರ್ಡಿನ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು ಸುಟ್ಟುಹೋಯಿತು. ಹಳೇ ಕಾಲದ ಕಾರ್ಡು, ಈಗ ಯಾರೂ ಮಾಡುವುದಿಲ್ಲ. ಕಪಾಟಿನಲ್ಲಿ ಇನ್ನೊಂದು ಇರಬೇಕಿತ್ತು, ಹುಡುಕಿದರೆ ಸಿಗಲಿಲ್ಲ. ನನ್ನ ಮೇಜಿನ ಮೇಲೆ ಏಳನೇ ವಾರ್ಡಿನ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು, ಪವರ್ ಸಪ್ಲೈ ಹೋಗಿದೆ ಎಂದು ಸೋಮವಾರ ವಾರ್ಡುಗಳಿಗೆ ಸಾಮಾನಿನ ಗಾಡಿ ತಳ್ಳುವ ಗಾಡಿಯಣ್ಣ ತಂದಿಟ್ಟಿದ್ದು. ಅದರ ಕಾರ್ಡು ಕಿತ್ತು ನಾಲ್ಕಕ್ಕೆ ಹಾಕಿದೆ. ಯಾವ ವಾರ್ಡಿನ ರಿಪೋರ್ಟು ಯಾವ ಕಾರ್ಡಿಗೆ ಹೋಗಬೇಕೆಂಬ ಸರ್ವರಿನ ಪಟ್ಟಿಯಲ್ಲಿ ನಾಲ್ಕರ ಮುಂದೆ ಆ ಕಾರ್ಡಿನ ನಂಬರು ಬರೆದೆ. ಕೆಲಸ ಶುರುವಾಯಿತು.

ಊಟದ ಹೊತ್ತಿಗೆ ಕಪಾಟಿನ ಕಾರ್ಡೂ ಸಿಕ್ಕಿತು, ಟೀ ಪುಡಿಯ ಡಬ್ಬಿಯ ಹಿಂದೆ. ಅದನ್ನು ಏಳರ ಕಂಪ್ಯೂಟರಿಗೆ ಹಾಕಿ, ಪವರ್ ಸಪ್ಲೈ ಬದಲಿಸಿ, ಮೂರು ಗಂಟೆಗೆ ಗಾಡಿಯಣ್ಣನ ಕೈಯಲ್ಲಿ ಮೇಲಕ್ಕೆ ಕಳಿಸಿದೆ.

"ವಯರಮ್ಮ, ನೀವು ಬರಲ್ವಾ? ಯಾವಾಗ್ಲೂ ನೀವೇ ಬಂದು ನಿಂತು ನೋಡ್ತಿದ್ರಿ," ಅಂದ.

"ಪ್ಲಗ್ ಹಾಕೋಕೆ ನಿನಗೆ ಬರುತ್ತಲ್ಲ?"

"ಬರುತ್ತೆ."

"ಮತ್ತೆ?"

ಇಪ್ಪತ್ತಾರು ವರ್ಷದಲ್ಲಿ ನನ್ನದೊಂದೇ ನೇಮ. ಯಾವ ಯಂತ್ರವನ್ನು ಮುಟ್ಟಿದರೂ ಪ್ರಯೋಗಾಲಯದಿಂದ ನೆಟ್‌ವರ್ಕಿನಲ್ಲಿ ಪರೀಕ್ಷೆಗೆಂದು ಒಂದು ಖಾಲಿ ಚೀಟಿ ಕಳಿಸಬೇಕು, ವಾರ್ಡಿಗೆ ಹೋಗಿ ಅದರ ಮುಂದೆ ನಿಲ್ಲಬೇಕು, ಚೀಟಿ ಬಂದದ್ದನ್ನು ಕಣ್ಣಾರೆ ನೋಡಬೇಕು. ಏಳನೇ ವಾರ್ಡಿಗೆ ಮಾತ್ರ ನಾನು ಫೆಬ್ರವರಿ ಏಳರಿಂದ ಹೋಗಿಲ್ಲ. ಅಕ್ಕ ಕೊನೆಗೆ ಮಲಗಿದ್ದ ಮಂಚ ಬಾಗಿಲ ಪಕ್ಕದ್ದೇ, ಕಂಪ್ಯೂಟರಿನ ಎದುರಿಗೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಎಂಟಕ್ಕೆ ಏಳರಿಂದ ಫೋನು. ನಿನ್ನೆ ಮಧ್ಯಾಹ್ನದಿಂದ ಒಂದು ರಿಪೋರ್ಟೂ ಬಂದಿಲ್ಲ ಅಂದರು. ಪಟ್ಟಿಯಲ್ಲಿ ನೋಡಿದರೆ ಏಳರ ಮುಂದೆ ಹಳೇ ನಂಬರೇ ಕೂತಿತ್ತು. ಬದಲಿಸಿದೆ. ಎರಡು ನಿಮಿಷದ ಕೆಲಸ. ರಿಜಿಸ್ಟರಿನಲ್ಲಿ ಬರೆಯಲು ಬೇಜಾರಾಯಿತು, ಬಿಟ್ಟೆ.

ಏಳರಲ್ಲಿ ನಿನ್ನೆ ಸಂಜೆ ಒಬ್ಬ ಅಜ್ಜನ ಎದೆಬಡಿತ ನಿಂತಿತಂತೆ. ತುರ್ತು ವಾರ್ಡಿಗೆ ಒಯ್ದರಂತೆ. ಗಾಡಿಯಣ್ಣ ಹೇಳಿದ. ನಾನು ಹೂಂ ಅಂದೆ.

ಮಾರ್ಚ್ 7, ಶುಕ್ರವಾರ

ಏನೂ ಇಲ್ಲ.

ಮಾರ್ಚ್ 10, ಸೋಮವಾರ

ಆಡಳಿತಾಧಿಕಾರಿ ನೆಲಮಾಳಿಗೆಗೆ ಇಳಿದುಬಂದರು. ಇವರು ಇಲ್ಲಿಗೆ ಬಂದದ್ದು ಇದೇ ಮೊದಲು. ಕೂರಲು ಕುರ್ಚಿ ಕೊಟ್ಟರೆ ಕರವಸ್ತ್ರದಿಂದ ಒರೆಸಿಕೊಂಡು ಕೂತರು.

ವಿಷಯ ಇಷ್ಟು. ಹೋದ ಬುಧವಾರ ಆ ಅಜ್ಜನ ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿತ್ತು. ಪ್ರಯೋಗಾಲಯ ನಾಲ್ಕೂ ಹತ್ತಕ್ಕೆ ರಿಪೋರ್ಟು ಕಳಿಸಿದೆ. ಆಗಲೇ ನೋಡಿದ್ದರೆ ಒಂದು ಇಂಜೆಕ್ಷನ್‌ನಲ್ಲಿ ಮುಗಿಯುತ್ತಿತ್ತಂತೆ. ಯಾರೂ ನೋಡಲಿಲ್ಲ. ಏಳು ಗಂಟೆಗೆ ಎದೆಬಡಿತ ನಿಂತಿತು. ಈಗ ಉಸಿರಾಟದ ಯಂತ್ರದ ಮೇಲಿದ್ದಾನೆ. ಆ ಹೊತ್ತಿಗೆ ವಾರ್ಡಿನಲ್ಲಿದ್ದದ್ದು ಅಲ್ಲಿನ ದೊಡ್ಡ ಸಿಸ್ಟರ್. ರಿಪೋರ್ಟು ಬರಲೇ ಇಲ್ಲ ಎಂಬುದು ಆಕೆಯ ಮಾತು.

"ಬಂತೋ ಇಲ್ವೋ, ಮೇಡಂ? ಅದೊಂದು ಹೇಳಿ."

ಸರ್ವರಿನ ದಾಖಲೆ ತೆಗೆದೆ. ನಾಲ್ಕು ಗಂಟೆ ಹತ್ತು ನಿಮಿಷ, ಏಳನೇ ವಾರ್ಡಿಗೆ ತಲುಪಿತು, ಸ್ವೀಕೃತಿ ಬಂತು.

"ತಲುಪಿತು ಅಂದ್ರೆ ಗ್ಯಾರಂಟಿನಾ? ಈ ನಿಮ್ಮ ಹಳೇ ಡಬ್ಬಾನ ನಂಬಬಹುದಾ?"

ಹೇಳಿದೆ. ಇದರ ಹೆಸರು ಐಪಿಎಕ್ಸ್. ವಯಸ್ಸಾಗಿದೆ, ಸುಳ್ಳು ಹೇಳುವುದಿಲ್ಲ. ಪ್ರತಿ ಕೇಬಲ್ಲಿಗೂ ಒಂದು ನಂಬರಿದೆ, ಅದು ಬೀದಿಯ ಹೆಸರಿದ್ದ ಹಾಗೆ. ಪ್ರತಿ ಕಂಪ್ಯೂಟರಿನ ಕಾರ್ಡಿಗೂ ಹುಟ್ಟುವಾಗಲೇ ಒಂದು ನಂಬರು ಕೆತ್ತಿರುತ್ತದೆ, ಅದು ಮನೆಯ ನಂಬರು. ಮಾಹಿತಿಯ ಪೊಟ್ಟಣದ ಮೇಲೆ ಎರಡನ್ನೂ ಬರೆದು ಕಳಿಸುತ್ತೇವೆ. ಮಧ್ಯದ ರೂಟರುಗಳು ಬೀದಿಯನ್ನಷ್ಟೇ ನೋಡುತ್ತವೆ, ಮನೆ ಅವಕ್ಕೆ ಬೇಕಿಲ್ಲ. ಬೀದಿ ಮುಟ್ಟಿದ ಮೇಲೆ ಆ ನಂಬರಿನವರು ಯಾರೋ ಅವರು ಎತ್ತಿಕೊಳ್ಳುತ್ತಾರೆ, ಎತ್ತಿಕೊಂಡೆ ಎಂದು ಉತ್ತರ ಕಳಿಸುತ್ತಾರೆ. ಹದಿನಾರು ರೂಟರು ದಾಟಿದರೂ ಬೀದಿ ಸಿಗದಿದ್ದರೆ ಪೊಟ್ಟಣವನ್ನು ಬಿಸಾಡುತ್ತವೆ. ನಮ್ಮ ಆಸ್ಪತ್ರೆಯಲ್ಲಿ ಇರುವುದೇ ಮೂರು.

"ಅಂದ್ರೆ ಎತ್ತಿಕೊಂಡಿದ್ದಾರೆ."

"ಎತ್ತಿಕೊಂಡಿದ್ದಾರೆ."

ಕಾಗದದ ಮೇಲೆ ರುಜು ಹಾಕಿಸಿಕೊಂಡು ಹೋದರು. ಸಿಸ್ಟರನ್ನು ಇವತ್ತಿನಿಂದಲೇ ಕೆಲಸದಿಂದ ದೂರ ಇಟ್ಟಿದ್ದಾರೆ. ಇಪ್ಪತ್ತೊಂದಕ್ಕೆ ವಿಚಾರಣೆ. ತಪ್ಪು ಆಕೆಯದೇ ಎಂದಾದರೆ ಕೆಲಸವೂ ಹೋಗುತ್ತದೆ, ನರ್ಸ್ ಲೈಸೆನ್ಸೂ ಹೋಗುತ್ತದೆ.

ಮಧ್ಯಾಹ್ನ ಬ್ರೆಡ್ಡು ತಿಂದೆ. ಅರ್ಧ.

ಮಾರ್ಚ್ 12, ಬುಧವಾರ

ಹೊರಡುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಏಳರ ಸಿಸ್ಟರ್ ನಿಂತಿದ್ದರು. ಯೂನಿಫಾರ್ಮ್ ಇಲ್ಲದೆ ಮೊದಲು ಗುರುತೇ ಸಿಗಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವರು. ಇವತ್ತು ನನಗಿಂತ ದೊಡ್ಡವರ ಹಾಗೆ ಕಂಡರು.

"ಮೇಡಂ, ನಾನು ಬೇಡೋಕೆ ಬಂದಿಲ್ಲ. ಒಂದು ಕೇಳೋಕೆ ಬಂದೆ. ಮಾರನೇ ದಿನ ಬೆಳಿಗ್ಗೆ ನಿಮಗೆ ಫೋನ್ ಮಾಡಿಸಿದ್ದೆ, ರಿಪೋರ್ಟು ಬರ್ತಾ ಇಲ್ಲ ಅಂತ. ಆಮೇಲೆ ಬರೋಕೆ ಶುರುವಾಯ್ತು. ನೀವೇನೋ ಸರಿ ಮಾಡಿದ್ರಿ, ಅಲ್ವಾ?"

"ನೋಡಿ ಹೇಳ್ತೀನಿ," ಅಂದೆ.

"ನಿಮ್ಮ ರಿಜಿಸ್ಟರಲ್ಲಿ ಅಂಥ ಫೋನೇ ಬಂದಿಲ್ಲ ಅಂತಾರೆ ಸಾಹೇಬ್ರು. ನಾನು ಸುಳ್ಳಿ ಅಂತಾಯ್ತು. ಹತ್ತೊಂಬತ್ತು ವರ್ಷ ಆಯ್ತು ಈ ಕೆಲಸಕ್ಕೆ ಸೇರಿ. ಮನೆಯಲ್ಲಿ ದುಡಿಯೋಳು ನಾನೊಬ್ಬಳೇ. ಅದು ಹಾಗಿರಲಿ. ಆ ಅಜ್ಜನ ಮಗಳು ಎದುರು ಸಿಕ್ಕಾಗಲೆಲ್ಲ ನನ್ನ ಮುಖ ನೋಡ್ತಾಳೆ, ಕೊಂದವಳನ್ನ ನೋಡಿದ ಹಾಗೆ. ಅದನ್ನ ಹೊಟ್ಟೆಗೆ ಹಾಕ್ಕೊಳ್ಳೋಕೆ ಆಗ್ತಿಲ್ಲ."

ನೋಡಿ ಹೇಳ್ತೀನಿ ಎಂದು ಮತ್ತೆ ಅಂದೆ. ಬಸ್ಸಿಗೆ ಹೊತ್ತಾಯಿತು ಎಂದೂ ಅಂದೆ. ಹೊತ್ತಾಗಿರಲಿಲ್ಲ.

ಅಕ್ಕನ ಕೊನೆಯ ಹನ್ನೊಂದು ದಿನ ನೋಡಿಕೊಂಡದ್ದು ಈಕೆಯೇ. ಅವತ್ತು ನೆಲಮಾಳಿಗೆಗೆ ಫೋನ್ ಮಾಡಿದ್ದೂ ಈಕೆಯೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 13, ಗುರುವಾರ

ನೋಡಿದೆ. ದಾಖಲೆಯಲ್ಲಿ "ಏಳನೇ ವಾರ್ಡು" ಎಂಬ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪೂರ್ತಿ ವಿಳಾಸ ಇರುತ್ತದೆ. ಮೊದಲು ಕೇಬಲ್ಲಿನ ನಂಬರು, ಆಮೇಲೆ ಕಾರ್ಡಿನದು. ಕಾರ್ಡಿನ ಕೊನೆಯ ನಾಲ್ಕು ಅಕ್ಷರ 3ಸಿ9ಎಫ್. ಅದು ನಾನು ಬುಧವಾರ ಬೆಳಿಗ್ಗೆ ಏಳರ ಕಂಪ್ಯೂಟರಿಂದ ಕಿತ್ತು ನಾಲ್ಕರದಕ್ಕೆ ಹಾಕಿದ ಕಾರ್ಡು.

ಕಾರ್ಡು ಎಲ್ಲಿಗೆ ಹೋದರೆ ನಂಬರೂ ಅಲ್ಲಿಗೇ ಹೋಗುತ್ತದೆ. ನಾಲ್ಕೂ ಏಳೂ ಒಂದೇ ಮಹಡಿ, ಒಂದೇ ಕೇಬಲ್ಲು. ಬೀದಿ ಸರಿಯಾಗಿತ್ತು. ಪಟ್ಟಿಯಲ್ಲಿ ನಾಲ್ಕರ ಮುಂದೆ ಹೊಸದಾಗಿ 3ಸಿ9ಎಫ್ ಬರೆದೆ, ಏಳರ ಮುಂದಿದ್ದ ಹಳೇ 3ಸಿ9ಎಫ್ ಅನ್ನು ತೆಗೆಯಲಿಲ್ಲ. ಅಜ್ಜನ ರಿಪೋರ್ಟು ಏಳಕ್ಕೆಂದು ಹೊರಟು ನಾಲ್ಕರಲ್ಲಿ ಇಳಿದಿದೆ. ನಾಲ್ಕರ ಯಂತ್ರ ಎತ್ತಿಕೊಂಡೆ ಎಂದು ನಿಯತ್ತಾಗಿ ಉತ್ತರವನ್ನೂ ಕಳಿಸಿದೆ. ಅವತ್ತು ನಾನು ಚೀಟಿ ಕಳಿಸಿ ಏಳರಲ್ಲಿ ಹೋಗಿ ನಿಂತಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಅಂದರೆ ತಪ್ಪು ನನ್ನದು. ಓದಿದೆ, ಅರ್ಥವಾಯಿತು, ಕಿಟಕಿ ಮುಚ್ಚಿದೆ. ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಬೇರೆ ಯಾರದೋ ರಿಪೋರ್ಟು ಓದಿದಂತಾಯಿತು.

ಮಾರ್ಚ್ 14, ಶುಕ್ರವಾರ

ಲೆಕ್ಕ ಹಾಕಿದರೆ ಯಾರಿಗೂ ಗೊತ್ತಾಗುವಂತಿಲ್ಲ. ಪಟ್ಟಿ ಈಗ ಸರಿಯಿದೆ. ರಿಜಿಸ್ಟರಿನಲ್ಲಿ ಏನೂ ಇಲ್ಲ. ಮೂವತ್ತೊಂದಕ್ಕೆ ಹೊಸ ನೆಟ್‌ವರ್ಕ್ ಬರುತ್ತದೆ, ಹಳೇ ಸರ್ವರ್ ಆರಿಸುತ್ತೇವೆ, ಹಳೇ ಕಾರ್ಡುಗಳೆಲ್ಲ ಗುಜರಿಗೆ. ನನಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಬೇರೇನೂ ಮಾಡಬೇಕಿಲ್ಲ. ಏನೂ ಮಾಡದೆ ಇರುವುದು ಈಚೆಗೆ ನನಗೆ ಚೆನ್ನಾಗಿ ಬರುತ್ತಿದೆ.

ಗಾಡಿಯಣ್ಣನಿಗೂ ಗೊತ್ತಿಲ್ಲ. ಅವನು ಪ್ಲಗ್ ಹಾಕಿದ, ದೀಪ ಹತ್ತಿತು, ಬಂದ.

ಮಾರ್ಚ್ 16, ಭಾನುವಾರ

ಮೇಲ್ಮನೆಯಾಕೆ ಮತ್ತೆ ಬಂದಳು. ಈ ಸಲ ಬಾಗಿಲು ತೆರೆದೆ, ಕಸ ಹಾಕಲು ಹೊರಟಿದ್ದೆ, ಸಿಕ್ಕಿಬಿದ್ದೆ.

"ಒಳಗೆ ಬರ್ಲಾ, ಚಿಕ್ಕಮ್ಮ?"

ಬಂದಳು. ಗಂಟುಗಳನ್ನು ನೆಲದ ಮೇಲೆ ಸಾಲಾಗಿ ಬಿಡಿಸಿಟ್ಟಳು. ಯಾರನ್ನೂ ಕೇಳದೆ ಕಿಟಕಿ ತೆರೆದಳು. ಸ್ಕೂಲಿನ ನೀಲಿ ಬಟ್ಟೆ ಸಿಕ್ಕಿತು, ಕತ್ತರಿಸಿ ಸೀಮೆಸುಣ್ಣದ ಗೆರೆ ಎಳೆದಿತ್ತು, ಹೊಲಿಗೆ ಬಿದ್ದಿರಲಿಲ್ಲ.

"ದೊಡ್ಡಮ್ಮ ಗೆರೆ ಹಾಕಿದ್ದಾರೆ, ಇನ್ನೇನು, ಹೊಲಿಯೋದು ನಾನೇ ಹೊಲಿತೀನಿ. ಯಂತ್ರ ಒಂಚೂರು ಕೊಡ್ತೀರಾ?"

ಕೂತು ಹೊಲಿದಳು. ಟಕಟಕ ಸದ್ದು ಒಂದು ಗಂಟೆ ಮನೆಯಲ್ಲಿತ್ತು. ನಾನು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಯಾಕೆ ನಿಂತಿದ್ದೆನೋ ಗೊತ್ತಿಲ್ಲ, ಕೂರಬಹುದಿತ್ತು.

ಹೋಗುವಾಗ ಕೇಳಿದಳು, "ಉಳಿದದ್ದು ಯಾರ್ಯಾರದು ಅಂತ ಗೊತ್ತಾ?"

"ಪುಸ್ತಕದಲ್ಲಿ ಅಳತೆ ಇದೆ. ಹೆಸರು ಇದೆ. ಯಾವ ಬಟ್ಟೆ ಅಂತ ಇಲ್ಲ."

"ಅಳತೆ ಹಿಡಿದು ನೋಡಿದ್ರೆ ಆಯ್ತಪ್ಪ. ಕತ್ತರಿಸಿರೋದು ಅರ್ಧ ಇದೆಯಲ್ಲ."

ಆ ಬುದ್ಧಿ ನನಗೆ ಹೊಳೆದಿರಲಿಲ್ಲ. ಇಪ್ಪತ್ತಾರು ವರ್ಷ ನಂಬರು ಹಿಡಿದು ಮನೆ ಹುಡುಕುವ ಇದೇ ಕೆಲಸ ಮಾಡಿದ್ದೇನೆ. ಸಂಜೆ ಟೇಪು ಹಿಡಿದು ಕೂತೆ. ಒಂಬತ್ತು ಗಂಟುಗಳಿಗೆ ಒಡೆಯರು ಸಿಕ್ಕರು. ಹೆಸರು ಬರೆದು ಚೀಟಿ ಚುಚ್ಚಿದೆ.

ಪುಸ್ತಕದಲ್ಲಿ ಅಕ್ಕನ ಕೊನೆಯ ಪುಟದ್ದು ಮಾತ್ರ ಯಾವ ಬಟ್ಟೆಗೂ ಕೂಡಿಬರಲಿಲ್ಲ. ಅಕ್ಷರ ಅಲುಗಾಡಿದೆ, ಆಸ್ಪತ್ರೆಯಲ್ಲಿ ಬರೆದದ್ದು. ಎದೆ ಮೂವತ್ತೆಂಟು, ತೋಳು ಇಪ್ಪತ್ತೆರಡು, ಭುಜ ಹದಿನೈದೂವರೆ. ಮೇಲೆ ಹೆಸರಿಲ್ಲ. ಮಂಚದ ಮೇಲೆ ಮಲಗಿದವಳಿಗೆ ಯಾರ ಅಳತೆ ಬೇಕಿತ್ತೋ.

ಮಾರ್ಚ್ 18, ಮಂಗಳವಾರ

ಅಜ್ಜನ ಉಸಿರಾಟದ ಯಂತ್ರ ತೆಗೆದರಂತೆ. ಕಣ್ಣು ಬಿಟ್ಟಿದ್ದಾನೆ, ಮಾತಿಲ್ಲ. ಗಾಡಿಯಣ್ಣ ಹೇಳಿದ. ನಾನು ಯಾವ ಮಹಡಿ ಎಂದು ಕೇಳಿದೆ. ಯಾಕೆ ಅಂದ. ಸುಮ್ಮನೆ ಅಂದೆ.

"ವಯರಮ್ಮ, ನಿಮ್ಮ ಟಿಫಿನ್ ಡಬ್ಬಿ ಇವತ್ತು ಖಾಲಿ ಇದೆ," ಅಂದ, ತೊಳೆಯಲು ಎತ್ತಿಕೊಂಡವನು.

ಮಾರ್ಚ್ 19, ಬುಧವಾರ

ಮಧ್ಯಾಹ್ನ ಸುಮ್ಮನೆ ರೂಟರಿನ ಕೋಷ್ಟಕ ನೋಡುತ್ತ ಕೂತಿದ್ದೆ. ಈ ಹಳೇ ವ್ಯವಸ್ಥೆಯಲ್ಲಿ ಎಲ್ಲರೂ ನಿಮಿಷಕ್ಕೊಮ್ಮೆ ಕೂಗುತ್ತಾರೆ: ನಾನು ಇದ್ದೇನೆ, ನನ್ನ ಕಡೆಯಿಂದ ಇಂಥ ಬೀದಿಗೆ ದಾರಿ ಇದೆ, ಇಷ್ಟು ದೂರ. ಕೇಳಿದವರು ಬರೆದುಕೊಳ್ಳುತ್ತಾರೆ. ಯಾರಾದರೂ ಮೂರು ನಾಲ್ಕು ನಿಮಿಷ ಕೂಗದಿದ್ದರೆ ಹೆಸರು ಅಳಿಸುತ್ತಾರೆ. ಹುಡುಕಿಕೊಂಡು ಹೋಗುವುದಿಲ್ಲ. ಹೊಸಬರು ಇದನ್ನು ಗಲಾಟೆ ಎಂದು ಬೈಯುತ್ತಾರೆ. ಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು.

ಬರೆಯುವುದಿಲ್ಲ ಅಂದದ್ದನ್ನು ಬರೆಯುತ್ತೇನೆ, ಪುಸ್ತಕ ನನ್ನದೇ ತಾನೆ.

ಫೆಬ್ರವರಿ ಏಳು. ಬೆಳಿಗ್ಗೆ ಸರ್ವರಿನ ಡಿಸ್ಕು ಕೈಕೊಟ್ಟಿತ್ತು. ಹತ್ತೂವರೆಗೆ ಏಳರಿಂದ ಫೋನು. "ಮೇಡಂ, ನಿಮ್ಮಕ್ಕನ ಉಸಿರು ಬದಲಾಗಿದೆ. ಬನ್ನಿ." ಹತ್ತು ನಿಮಿಷ ಅಂದೆ. ಹತ್ತೂ ನಲವತ್ತೈದಕ್ಕೆ ಮತ್ತೆ. ಬಂದೆ ಅಂದೆ. ಡಿಸ್ಕು ಇನ್ನೇನು ಎದ್ದುಕೊಳ್ಳುವುದರಲ್ಲಿತ್ತು, ಅರ್ಧಕ್ಕೆ ಬಿಟ್ಟರೆ ಇಡೀ ಆಸ್ಪತ್ರೆಯ ರಿಪೋರ್ಟು ನಿಲ್ಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ರಿಪೋರ್ಟು ಅರ್ಧ ಗಂಟೆ ನಿಂತಿದ್ದರೆ ಯಾರೂ ಸಾಯುತ್ತಿರಲಿಲ್ಲ. ಹನ್ನೊಂದೂ ಐದಕ್ಕೆ ಮೂರನೇ ಫೋನು. ಈ ಸಲ ಸಿಸ್ಟರ್ ಬನ್ನಿ ಅನ್ನಲಿಲ್ಲ.

ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಅಕ್ಕನ ತಲೆ ಬಾಚಿ ಜಡೆ ಹಾಕಿದ್ದರು. ನನ್ನನ್ನು ತಾಯಿಯ ಹಾಗೆ ಸಾಕಿದವಳು. ನಾಲ್ಕು ಮಹಡಿ ದೂರದಲ್ಲಿದ್ದೆ ನಾನು.

ಆ ಮೂರು ಫೋನಿನ ವಿಷಯ ಸಿಸ್ಟರ್ ಇವತ್ತಿನವರೆಗೆ ಯಾರ ಹತ್ತಿರವೂ ಹೇಳಿಲ್ಲ. ಮೊನ್ನೆ ಮೆಟ್ಟಿಲ ಬುಡದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಮಾರ್ಚ್ 20, ಗುರುವಾರ

ನಾಲ್ಕನೇ ವಾರ್ಡಿಗೆ ಹೋದೆ. ತಪಾಸಣೆ ಅಂದೆ. ಪ್ರಿಂಟರಿನ ಪಕ್ಕದ ಟ್ರೇಯಲ್ಲಿ ಬೇಡದ ಕಾಗದ ಒಂದು ಗೇಣು ದಪ್ಪ. ಬೇರೆ ವಾರ್ಡಿನದು ಬಂದರೆ ಅಲ್ಲಿಗೆ ತಳ್ಳುತ್ತಾರೆ, ಆಮೇಲೆ ಯಾರೂ ನೋಡುವುದಿಲ್ಲ. ಮೊದಲೆಲ್ಲ ಇಂಥ ಕೆಟ್ಟ ರಿಪೋರ್ಟು ಬಂದರೆ ಪ್ರಯೋಗಾಲಯದವರು ಫೋನೂ ಮಾಡುತ್ತಿದ್ದರು. ಯಂತ್ರ ಬಂದ ಮೇಲೆ ಅದನ್ನು ನಿಲ್ಲಿಸಿದರು.

ಅಡಿಯಿಂದ ಎಣಿಸುತ್ತ ಬಂದೆ. ಸಿಕ್ಕಿತು. ಏಳನೇ ವಾರ್ಡು, ಹನ್ನೊಂದನೇ ಮಂಚ, ನಾಲ್ಕೂ ಹತ್ತು. ಅಂಕಿಯ ಪಕ್ಕ ಎರಡು ನಕ್ಷತ್ರ, ತುರ್ತು ಎಂದು.

ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ನಾಲ್ಕರ ಕಂಪ್ಯೂಟರಿನ ಮುಚ್ಚಳ ತೆಗೆದು ಆ ಕಾರ್ಡನ್ನೂ ಕಿತ್ತು, ಹೊಸ ನೆಟ್‌ವರ್ಕಿಗೆಂದು ಮೊನ್ನೆ ಬಂದ ಹೊಸ ಕಾರ್ಡುಗಳಲ್ಲಿ ಒಂದನ್ನು ಹಾಕಿದೆ. ಈ ಸಲ ಪಟ್ಟಿ ಬದಲಿಸಿದೆ, ಚೀಟಿ ಕಳಿಸಿದೆ, ಎದುರಿಗೆ ನಿಂತೆ, ಬಂತು. ರಿಜಿಸ್ಟರಿನಲ್ಲೂ ಬರೆದೆ.

ಕಿತ್ತ ಕಾರ್ಡನ್ನೂ ಜೇಬಿಗೇ ಹಾಕಿಕೊಂಡೆ.

ಮಾರ್ಚ್ 21, ಶುಕ್ರವಾರ

ಎರಡನೇ ಮಹಡಿಯ ಉದ್ದ ಮೇಜು. ಒಂದು ಕಡೆ ಆಡಳಿತಾಧಿಕಾರಿ, ದೊಡ್ಡ ಡಾಕ್ಟರು. ಎದುರಿಗೆ ಸಿಸ್ಟರ್ ಒಬ್ಬರೇ. ಗೋಡೆಯ ಪಕ್ಕ ಅಜ್ಜನ ಮಗಳು, ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಿದ್ದಳು. ನನ್ನನ್ನು ಕರೆದದ್ದು ರುಜು ನನ್ನದೇ ಎಂದು ಹೇಳಲು ಅಷ್ಟೇ.

ಸಾಹೇಬರು ದಾಖಲೆ ಓದಿದರು. ನಾಲ್ಕೂ ಹತ್ತು, ಏಳನೇ ವಾರ್ಡಿಗೆ ತಲುಪಿತು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸುದ್ದಿ ಕೈಗೆ ಬಂದ ಮೇಲೂ ಎದ್ದು ಹೋಗದೆ ಕೂತವರನ್ನ ಏನನ್ನಬೇಕು, ಸಿಸ್ಟರ್? ನೀವೇ ಹೇಳಿ."

ಸಿಸ್ಟರ್ ತಲೆ ತಗ್ಗಿಸಿದರು. ಆಗ ನನ್ನ ಕಡೆ ನೋಡಬಹುದಿತ್ತು. ನೋಡಲಿಲ್ಲ.

"ಅದು ಅವರಲ್ಲ, ನಾನು," ಅಂದೆ.

ಯಾರಿಗೂ ತಿಳಿಯಲಿಲ್ಲ. ಎದ್ದು ಹೋಗಿ ಕಾರ್ಡು ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಟ್ರೇಯಲ್ಲಿ ಸಿಕ್ಕ ಕಾಗದ. ಕಾರ್ಡಿನ ಮೇಲೆ ಕೆತ್ತಿದ ನಂಬರು ಓದಿ ಎಂದು ಸಾಹೇಬರಿಗೆ ಹೇಳಿದೆ. ಓದಿದರು. ದಾಖಲೆಯ ಸಣ್ಣ ಅಕ್ಷರದ ನಂಬರು ಓದಿ ಅಂದೆ. ಅದನ್ನೂ ಓದಿದರು. ಎರಡೂ 3ಸಿ9ಎಫ್.

"ಅವತ್ತು ಈ ಕಾರ್ಡು ಇದ್ದದ್ದು ನಾಲ್ಕನೇ ವಾರ್ಡಲ್ಲಿ. ಬದಲಿಸಿದ್ದು ನಾನು. ಪಟ್ಟಿ ತಿದ್ದೋದು ಮರೆತಿದ್ದು ನಾನು. ಹೋಗಿ ನಿಂತು ನೋಡಬೇಕಿತ್ತು, ಹೋಗಲಿಲ್ಲ. ಮಾರನೇ ದಿನ ಫೋನು ಬಂತು, ಸರಿ ಮಾಡಿದೆ, ಬರೆಯಲಿಲ್ಲ. ಸಿಸ್ಟರ್‌ಗೆ ರಿಪೋರ್ಟು ಬಂದೇ ಇಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ."

ಸಾಹೇಬರು ಕೇಳಿದರು, "ನಿಮಗೆ ಯಾವಾಗ ಗೊತ್ತಾಯ್ತು?"

"ಹದಿಮೂರಕ್ಕೆ."

"ಇವತ್ತು ಇಪ್ಪತ್ತೊಂದು."

"ಹೌದು."

ಅಜ್ಜನ ಮಗಳು ಎದ್ದು ನನ್ನ ಎದುರಿಗೆ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು. ಒಂದು ನಿಮಿಷ ಮುಖ ನೋಡಿ ಹೊರಗೆ ಹೋದಳು. ತಪ್ಪಾಯಿತು ಎಂದು ಅವಳ ಬೆನ್ನಿಗೆ ಹೇಳಿದೆ. ಕೇಳಿಸಿತೋ ಇಲ್ಲವೋ.

ಬಾಗಿಲಲ್ಲಿ ಸಿಸ್ಟರ್ ನನ್ನನ್ನು ತಡೆದರು. ಉಪಕಾರವಾಯಿತು ಅನ್ನುತ್ತಾರೇನೋ ಎಂದು ಮೈ ಹಿಡಿ ಮಾಡಿಕೊಂಡೆ.

"ಎಂಟು ದಿನ," ಅಂದರು. "ಎಂಟು ದಿನ ಗೊತ್ತಿದ್ದೂ ಸುಮ್ಮನೆ ಇದ್ರಾ? ನಿಮ್ಮನ್ನ ನಾನು ಹೀಗೆ ಅಂದ್ಕೊಂಡಿರಲಿಲ್ಲ."

ನಾನೂ ಅಂದುಕೊಂಡಿರಲಿಲ್ಲ.

ಮಾರ್ಚ್ 25, ಮಂಗಳವಾರ

ಸಿಸ್ಟರ್ ಕೆಲಸಕ್ಕೆ ವಾಪಸು. ನನಗೆ ಒಂದು ವರ್ಷದ ವೇತನ ಬಡ್ತಿ ಕಟ್, ಏಪ್ರಿಲ್ ಒಂದರಿಂದ ಹಳೇ ಕಡತಗಳ ಕೋಣೆ. ಹೊಸ ನೆಟ್‌ವರ್ಕ್ ಕೂರಿಸಿ ಕೊಟ್ಟು ಹೋಗಬೇಕಂತೆ. ಪ್ರಯೋಗಾಲಯದವರು ಮತ್ತೆ ಫೋನ್ ಮಾಡಲು ಶುರುಮಾಡಿದ್ದಾರೆ. ನನಗಾದ ಶಿಕ್ಷೆ ನ್ಯಾಯವಾಗಿದೆ.

ಅಜ್ಜ ಮಾತಾಡಿದನಂತೆ. ಮೊದಲ ಮಾತೇ ಬೈಗುಳ, ಕನ್ನಡಕ ಯಾರು ಮುಟ್ಟಿದ್ದು ಅಂತ. ಗಾಡಿಯಣ್ಣ ನಕ್ಕ. ನನಗೂ ನಗು ಬಂತು, ಆಮೇಲೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತೆ.

ಒಂಬತ್ತೂ ಗಂಟುಗಳನ್ನು ಮನೆ ಮನೆಗೆ ಮುಟ್ಟಿಸಿ ಬಂದೆ. ಅಂಗಡಿಯವನದೂ ಒಂದಿತ್ತು. ಏನಮ್ಮ ಇಷ್ಟು ಸೊರಗಿದ್ದೀರಿ ಅಂದ. ಅಕ್ಕ ಹೋದಳಲ್ಲ ಅಂದೆ.

ಮಾರ್ಚ್ 31, ಸೋಮವಾರ

ಹನ್ನೊಂದಕ್ಕೆ ಹಳೇ ಸರ್ವರ್ ಆರಿಸಿದೆ. ರೂಟರಿನ ಕೋಷ್ಟಕ ತೆರೆದಿಟ್ಟುಕೊಂಡು ಕೂತೆ. ಒಂದು ನಿಮಿಷ, ಅದರ ಹೆಸರು ಇತ್ತು. ಎರಡು, ಮೂರು. ಆಮೇಲೆ ಆ ಸಾಲು ಇರಲಿಲ್ಲ. ಕೆಳಗಿನ ಸಾಲುಗಳು ಮೇಲಕ್ಕೆ ಸರಿದವು.

ಹೊಸದನ್ನು ಪ್ರತಿ ವಾರ್ಡಿಗೂ ಹೋಗಿ ನೋಡಬೇಕಿತ್ತು. ಏಳನ್ನು ಕೊನೆಗೆ ಇಟ್ಟುಕೊಂಡೆ. "ನಾನು ಹೋಗಿ ನೋಡ್ಲಾ?" ಎಂದು ಗಾಡಿಯಣ್ಣ ತಾನಾಗಿ ಕೇಳಿದ. ಬೇಡ ಅಂದೆ.

ಬಾಗಿಲ ಪಕ್ಕದ ಮಂಚದಲ್ಲಿ ಯಾರೋ ಮಗ್ಗುಲಾಗಿ ಮಲಗಿ ಪತ್ರಿಕೆ ಓದುತ್ತಿದ್ದರು. ನಾನು ಕಂಪ್ಯೂಟರಿನ ಮುಂದೆ ನಿಂತು ಚೀಟಿಗೆ ಕಾದೆ. ಸಿಸ್ಟರ್ ಔಷಧಿಯ ತಟ್ಟೆ ಹಿಡಿದು ಬಂದವರು ಅಲ್ಲೇ ನಿಂತರು. ಚೀಟಿ ಬಂತು. ನೋಡಿ ರುಜು ಹಾಕಿ ಎಂದು ರಿಜಿಸ್ಟರ್ ಕೊಟ್ಟೆ. ಹಾಕಿದರು.

"ಸಿಸ್ಟರ್, ಅವತ್ತು ನೀವು ಮೂರು ಸಲ ಫೋನ್ ಮಾಡಿದ್ರಿ."

"ಮಾಡಿದ್ದೆ."

"ಅಕ್ಕ ನನ್ನ ಕೇಳಿದ್ಲಾ?"

ಸಿಸ್ಟರ್ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಇಲ್ಲ. ಬೆಳಿಗ್ಗೆ ಆರರಿಂದಲೇ ಪ್ರಜ್ಞೆ ಇರಲಿಲ್ಲ. ಮೊದಲ ಫೋನಿಗೇ ಓಡಿಬಂದಿದ್ರೂ ಅವರಿಗೆ ಗೊತ್ತಾಗ್ತಿರಲಿಲ್ಲ."

"ಸಮಾಧಾನಕ್ಕೆ ಹೇಳ್ತಿದ್ದೀರಾ?"

"ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ, ಮೇಡಂ. ನಿಮಗೆ ಸಮಾಧಾನ ನಾನ್ಯಾಕೆ ಹೇಳ್ಲಿ?"

ನಂಬಿದೆ. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

ಹೊರಡುವಾಗ ಹಿಂದಿನಿಂದ ಅಂದರು, "ಅದಕ್ಕೆ ಎರಡು ದಿನ ಮುಂಚೆ ಚೆನ್ನಾಗೇ ಇದ್ರು. ದಿಂಬಿನಡಿಯಿಂದ ಟೇಪು ತೆಗೆದು ನನ್ನ ಅಳತೆ ತಗೊಂಡ್ರು. ಅಂಗಡಿಯ ಯೂನಿಫಾರ್ಮ್ ನಿನಗೆ ಭುಜದಲ್ಲಿ ಕೂರಲ್ಲ ಕಣೆ, ಬಟ್ಟೆ ತಾ, ಮನೆಗೆ ಹೋದ ಮೇಲೆ ಹೊಲಿದುಕೊಡ್ತೀನಿ ಅಂದ್ರು. ನಾನು ಬಟ್ಟೆ ತಂದಿದ್ದೆ. ಇನ್ನೂ ಲಾಕರಲ್ಲೇ ಇದೆ."

"ಕೊಡಿ," ಅಂದೆ.

"ನಿಮಗೆ ಹೊಲಿಯೋಕೆ ಬರುತ್ತಾ?"

"ಬರಲ್ಲ. ಮೇಲ್ಮನೆಯಾಕೆಗೆ ಬರುತ್ತೆ. ಯಂತ್ರ ನಮ್ಮನೆಯಲ್ಲಿದೆ."

ಸಿಸ್ಟರ್ ಹೋಗಿ ಬಿಳಿ ಬಟ್ಟೆಯ ಪೊಟ್ಟಣ ತಂದು ನನ್ನ ಕೈಗೆ ಕೊಟ್ಟರು. ಸಿಟ್ಟು ಮುಖದಲ್ಲಿ ಹಾಗೇ ಇತ್ತು.

ಈಗ ಮನೆಯಲ್ಲಿದ್ದೇನೆ. ಹಿಂದಿನಿಂದ ಬರೆಯುತ್ತ ಬರೆಯುತ್ತ ಅಕ್ಕನ ಕೊನೆಯ ಪುಟದ ಎದುರಿಗೆ ಬಂದುಬಿಟ್ಟಿದ್ದೇನೆ, ಇನ್ನು ಜಾಗವಿಲ್ಲ. ಪುಸ್ತಕ ತಿರುಗಿಸಿ ಆ ಅಳತೆಯ ಮೇಲೆ "ಏಳನೇ ವಾರ್ಡಿನ ಸಿಸ್ಟರ್" ಎಂದು ಬರೆದೆ. ನನ್ನ ಅಕ್ಷರ ಅಕ್ಕನದಕ್ಕಿಂತ ಕೆಟ್ಟದಾಗಿ ಬಂತು, ಕಣ್ಣು ಮಂಜಾಗಿತ್ತು. ತುಂಬಾ ಹೊತ್ತು ಅತ್ತೆ. ಮೇಲ್ಮನೆಯಾಕೆಗೆ ಕೇಳಿಸಿರಬೇಕು, ಇಳಿದುಬರುತ್ತಿದ್ದಾಳೆ, ಬಾಗಿಲು ತೆರೆಯಬೇಕು.